ಮಗಳ ಕಣ್ಣು ತೆಗೆಸಲೇಬೇಕಾ?

ಪ್ರಶ್ನೆ: ನಾನು ಕುಮಟಾ ಹತ್ತಿರದವಳು. ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಮೈದುನನ ಮದುವೆಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಅವಳ ಬಲಗಣ್ಣಿನ ಪಾಪೆ ಬೆಳ್ಳಗೆ ಹೊಳೆಯಿತು. ಅದಕ್ಕೂ ಮೊದಲೇ ಆ ಕಣ್ಣು ಸ್ವಲ್ಪ ಮೆಳ್ಳೆ ಅನಿಸುತ್ತಿತ್ತು. ಅದೃಷ್ಟದ ಕಣ್ಣು ಅಂತ ಹಿರಿಯರು ಹೇಳಿದರು, ಸುಮ್ಮನಾದೆವು. ಈಗ ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ನೋಡಿ ರೆಟಿನೋಬ್ಲಾಸ್ಟೋಮಾ ಅಂದಿದ್ದಾರೆ. ಚೀಟಿಯಲ್ಲಿ 'ಗ್ರೂಪ್ ಇ' ಅಂತಿದೆ. ಕಣ್ಣಿನೊಳಗೆ ಒತ್ತಡ ಜಾಸ್ತಿ ಇದೆಯಂತೆ, ನೋಟ ಇಲ್ಲವಂತೆ. ಎಡಗಣ್ಣು ಸರಿ ಇದೆ. ಎಂಆರ್‌ಐಯಲ್ಲಿ ಕಣ್ಣಿನ ಹೊರಗೆ ಏನೂ ಕಂಡಿಲ್ಲ. ಬಲಗಣ್ಣು ತೆಗೆಯಬೇಕು, ಮುಂದಿನ ವಾರವೇ ಬನ್ನಿ ಅಂದಿದ್ದಾರೆ. ಹೆಣ್ಣುಮಗು, ಮುಂದೆ ಹೇಗೆ ಅಂತ ಅತ್ತೆ ಅಳುತ್ತಾರೆ. ಕಾಲಿನ ರಕ್ತನಾಳದಿಂದ ಔಷಧಿ ಬಿಟ್ಟು ಕಣ್ಣು ಉಳಿಸುತ್ತಾರೆ ಅಂತ ಬೆಂಗಳೂರಿನ ನೆಂಟರು ಹೇಳುತ್ತಾರೆ. ಘಟ್ಟದ ಮೇಲೆ ಬೇರಿನ ಔಷಧಿ ಕೊಡುವವರು ಇದ್ದಾರೆ ಅಂತ ಇನ್ನೊಬ್ಬರು. ನಾನೀಗ ನಾಲ್ಕು ತಿಂಗಳ ಗರ್ಭಿಣಿ. ಈ ಮಗುವಿಗೂ ಬರುತ್ತದಾ? ಮಗಳು ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಹೋಗಿದ್ದೆ. ಅದಕ್ಕೇ ಹೀಗಾಯಿತಾ?

ಉತ್ತರ: ನಿಮ್ಮ ಚೀಟಿಯಲ್ಲಿ ಇರುವುದು ನೀವು ಬರೆದ ಹಾಗೇ ಇದ್ದರೆ, ಹೌದು, ತೆಗೆಸಿ. ಅವರು ಹೇಳಿದ ವಾರವೇ ಹೋಗಿ. ಇಷ್ಟು ನೇರವಾಗಿ ಹೇಳಲು ನನಗೂ ಸಂಕಟವಾಗುತ್ತದೆ. ಆದರೆ ನೀವು ಸುತ್ತಿ ಬಳಸಿದ ಮಾತು ಕೇಳುವ ಹೊತ್ತಿನಲ್ಲಿಲ್ಲ. ಮತ್ತೆ ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನೀವು ತಿಂದದ್ದು, ಕುಡಿದದ್ದು, ನಡೆದದ್ದು, ನುಂಗಿದ ಮಾತ್ರೆ ಯಾವುದೂ ಇದನ್ನು ತರಲಿಲ್ಲ. ಅದು ಹೇಗೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ರೆಟಿನೋಬ್ಲಾಸ್ಟೋಮಾ ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ಹುಟ್ಟುವ ಕ್ಯಾನ್ಸರ್ ಗಡ್ಡೆ. ರೆಟಿನಾದ ಕೋಶಗಳು ಇನ್ನೂ ಬೆಳೆಯುತ್ತಿರುವ ವಯಸ್ಸಿನಲ್ಲೇ ಇದು ಬರುತ್ತದೆ. ಹಾಗಾಗಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಸುಮಾರು 15,000ದಿಂದ 20,000 ಹೆರಿಗೆಗೆ ಒಂದು ಮಗುವಿನಲ್ಲಿ ಕಾಣುತ್ತದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1,500 ಮಕ್ಕಳು ಎಂಬ ಅಂದಾಜಿದೆ. ಗಡ್ಡೆ ದೊಡ್ಡದಾದಾಗ ಪಾಪೆಯ ಮೂಲಕ ಒಳಗೆ ಹೋದ ಬೆಳಕು ಅದರ ಬಿಳಿ ಮೈಗೆ ತಾಗಿ ವಾಪಸ್ ಬರುತ್ತದೆ. ಮದುವೆ ಮನೆಯ ಫೋಟೋದಲ್ಲಿ ನೀವು ಕಂಡದ್ದು ಅದನ್ನೇ. ಮೆಳ್ಳೆಗಣ್ಣು ಬಂದದ್ದೂ ಅದರಿಂದಲೇ. ನೋಟದ ಮುಖ್ಯ ಜಾಗವನ್ನು ಗಡ್ಡೆ ಮುಚ್ಚಿದಾಗ ಆ ಕಣ್ಣಿಗೆ ನೇರ ನಿಲ್ಲಲು ಕಾರಣವೇ ಇರುವುದಿಲ್ಲ, ಅದು ಪಕ್ಕಕ್ಕೆ ಸರಿಯುತ್ತದೆ.

ಇಲ್ಲಿ ಬೇರೆ ಓದುಗರಿಗೂ ಒಂದು ಮಾತು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಎರಡೂ ಪಾಪೆ ಕೆಂಪಗೆ ಕಂಡರೆ ಅದು ಸಹಜ. ಒಂದು ಕೆಂಪು, ಇನ್ನೊಂದು ಬಿಳಿ ಅಥವಾ ಹಳದಿ ಕಂಡರೆ, ಅದೂ ಒಂದಕ್ಕಿಂತ ಹೆಚ್ಚು ಫೋಟೋದಲ್ಲಿ ಕಂಡರೆ, ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎಲ್ಲ ಬಿಳಿ ಹೊಳಪೂ ಕ್ಯಾನ್ಸರ್ ಅಲ್ಲ. ಮಕ್ಕಳ ಕಣ್ಣಿನ ಪೊರೆ ಇರಬಹುದು, ರೆಟಿನಾದ ರಕ್ತನಾಳ ಸೋರುವ ಕೋಟ್ಸ್ ಕಾಯಿಲೆ ಇರಬಹುದು, ಮಗು ಓರೆಯಾಗಿ ನೋಡಿದಾಗ ಕಣ್ಣಿನ ನರದ ಬುಡಕ್ಕೆ ಬೆಳಕು ತಾಗಿಯೂ ಹಾಗೆ ಕಾಣಬಹುದು. ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾವನ್ನು ಪೂರ್ತಿ ನೋಡಬೇಕು. ಮೆಳ್ಳೆಗಣ್ಣೂ ಅಷ್ಟೇ. ಹುಟ್ಟಿದ ಮೂರ್ನಾಲ್ಕು ತಿಂಗಳು ಮಕ್ಕಳ ಕಣ್ಣು ಆಗಾಗ ಓರೆಯಾಗುವುದುಂಟು. ಆಮೇಲೂ ಉಳಿದರೆ ತೋರಿಸಲೇಬೇಕು. ಅದೃಷ್ಟದ ಕಣ್ಣು ಅನ್ನುವುದು ನಮ್ಮ ಕಡೆ ಪ್ರೀತಿಯಿಂದಲೇ ಹೇಳುವ ಮಾತು, ಹಿರಿಯರ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಮಾತು ಕೇಳಿ ತಡವಾಗಿ ಬರುವ ಮಕ್ಕಳನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಈಗ 'ಗ್ರೂಪ್ ಇ' ಅಂದರೆ ಏನು ನೋಡೋಣ. ಗಡ್ಡೆ ಕಣ್ಣಿನೊಳಗೇ ಇರುವಾಗ ಅದರ ಗಾತ್ರ, ಜಾಗ ಮತ್ತು ಕಣ್ಣಿಗೆ ಆಗಿರುವ ಹಾನಿ ನೋಡಿ ಎ ಯಿಂದ ಇ ವರೆಗೆ ಗುಂಪು ಮಾಡುತ್ತಾರೆ. ಎ ಅಂದರೆ ಪುಟ್ಟ ಗಡ್ಡೆ, ನೋಟದ ಕೇಂದ್ರದಿಂದ ದೂರ ಇರುವಂಥದ್ದು. ಅದಕ್ಕೆ ಲೇಸರ್ ಅಥವಾ ಅತಿಶೀತದ ಚಿಕಿತ್ಸೆ ಸಾಕಾಗಬಹುದು. ಬಿ, ಸಿ, ಡಿ ಗುಂಪಿನ ಕಣ್ಣುಗಳಿಗೆ ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿ, ಉಳಿದದ್ದನ್ನು ಲೇಸರಿನಿಂದ ಸುಡುವ ದಾರಿ ಇದೆ. ಇ ಅಂದರೆ ಗಡ್ಡೆ ಕಣ್ಣಿನ ಹೆಚ್ಚಿನ ಭಾಗ ತುಂಬಿಕೊಂಡಿದೆ, ಅಥವಾ ಕಣ್ಣಿನ ರಚನೆಯೇ ಹಾಳಾಗಿದೆ ಅಂತ. ನಿಮ್ಮ ಮಗಳ ಕಣ್ಣಿನೊಳಗೆ ಒತ್ತಡ ಏರಿರುವುದು ಅದೇ ಹಾನಿಯ ಗುರುತು. ಆ ಒತ್ತಡದಿಂದ ಮಗುವಿಗೆ ನೋವೂ ಇರುತ್ತದೆ. ಇಷ್ಟು ಚಿಕ್ಕವರು ಕಣ್ಣು ನೋಯುತ್ತದೆ ಅಂತ ಹೇಳುವುದಿಲ್ಲ. ಊಟ ಬಿಡುತ್ತಾರೆ, ರಾತ್ರಿ ಎದ್ದು ಅಳುತ್ತಾರೆ, ಬೆಳಕಿಗೆ ಮುಖ ತಿರುಗಿಸುತ್ತಾರೆ. ಎಷ್ಟೋ ಮಕ್ಕಳು ಕಣ್ಣು ತೆಗೆದ ಮೇಲೆ ಚೆನ್ನಾಗಿ ಊಟ ಮಾಡಿ, ನಿದ್ದೆ ಮಾಡಲು ಶುರು ಮಾಡುವುದನ್ನು ನಾನು ನೋಡಿದ್ದೇನೆ.

ಈ ಕಾಯಿಲೆಯ ಚಿಕಿತ್ಸೆಯಲ್ಲಿ ನಾವು ಮೊದಲು ನೋಡುವುದು ಜೀವ. ಆಮೇಲೆ ಕಣ್ಣು, ಆಮೇಲೆ ನೋಟ. ಗಡ್ಡೆ ಕಣ್ಣಿನೊಳಗೇ ಇರುವಾಗ ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 90ಕ್ಕಿಂತ ಜಾಸ್ತಿ ಮಕ್ಕಳು ಬದುಕುತ್ತಾರೆ. ಕಣ್ಣಿನ ನರ ಹಿಡಿದು ಮೆದುಳಿನ ಕಡೆ ಹೋದರೆ, ಅಥವಾ ರಕ್ತದಲ್ಲಿ ಸೇರಿ ಎಲುಬಿನ ಮಜ್ಜೆಗೆ ಹೋದರೆ, ಲೆಕ್ಕ ಪೂರ್ತಿ ಬದಲಾಗುತ್ತದೆ. ನಿಮ್ಮ ಮಗಳು ಇಂದು ಈಚೆ ದಡದಲ್ಲಿದ್ದಾಳೆ. ಎಂಆರ್‌ಐ ಸ್ವಚ್ಛ ಇದೆ ಅನ್ನುವುದು ಈ ಕ್ಷಣದ ಮಟ್ಟಿಗೆ ತುಂಬ ಒಳ್ಳೆಯ ಸುದ್ದಿ. ಆದರೆ ಅದು ಎರಡು ತಿಂಗಳು ಕಾಯಲು ಕೊಟ್ಟ ಪರವಾನಗಿ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಕೋಶಗಳು ನರದೊಳಗೆ ಇಳಿದಿದ್ದರೆ ಎಂಆರ್‌ಐಗೆ ಸಿಗುವುದಿಲ್ಲ.

ನಿಮ್ಮ ನೆಂಟರು ಹೇಳಿದ್ದು ಸುಳ್ಳಲ್ಲ. ತೊಡೆಸಂದಿಯ ರಕ್ತನಾಳದಿಂದ ಕೂದಲಿನಷ್ಟು ತೆಳುವಾದ ನಳಿಕೆ ತೂರಿಸಿ, ಕಣ್ಣಿಗೆ ರಕ್ತ ಒಯ್ಯುವ ನಾಳದ ಬಾಯಿಯವರೆಗೆ ತಲುಪಿ, ಮೆಲ್ಫಲಾನ್ ಅಥವಾ ಟೋಪೋಟೆಕಾನ್ ಅನ್ನುವ ಔಷಧಿ ಬಿಡುತ್ತಾರೆ. ಜಪಾನಿನ ವೈದ್ಯರು ಇದಕ್ಕೆ ದಾರಿ ಹಾಕಿದರು. 2006ರಿಂದ ನ್ಯೂಯಾರ್ಕಿನಲ್ಲಿ ಈಗಿನ ರೂಪ ಬಂತು. ನಮ್ಮ ದೇಶದಲ್ಲೂ ದೊಡ್ಡ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ಡಿ ಗುಂಪಿನ ಎಷ್ಟೋ ಕಣ್ಣುಗಳನ್ನು ಇದು ಉಳಿಸಿದೆ. ಮಗುವಿನ ಇನ್ನೊಂದು ಕಣ್ಣು ಮೊದಲೇ ಹೋಗಿದ್ದರೆ ಇದರ ಬೆಲೆ ಹೇಳತೀರದು.

ಆದರೆ ನಿಮ್ಮ ಮಗಳಿಗೆ ಇದು ತಕ್ಕದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ಕಣ್ಣಿಗೆ ನೋಟವಿಲ್ಲ, ಉಳಿಸಿದರೂ ನೋಟ ವಾಪಸ್ ಬರುವುದಿಲ್ಲ. ಎಡಗಣ್ಣು ಆರೋಗ್ಯವಾಗಿದೆ. ಒತ್ತಡ ಏರಿದ ಇ ಗುಂಪಿನ ಕಣ್ಣಿನಲ್ಲಿ ಕ್ಯಾನ್ಸರ್ ನರಕ್ಕೆ ಇಳಿದಿರುವ ಸಂಭವ ಜಾಸ್ತಿ. ಕಣ್ಣಿನ ನಾಳಕ್ಕೆ ಮಾತ್ರ ಬಿಡುವ ಔಷಧಿ ಮೈಯ ಬೇರೆ ಕಡೆ ಅಡಗಿದ ಕೋಶವನ್ನು ಹುಡುಕಿ ಕೊಲ್ಲುವುದಿಲ್ಲ. ಇನ್ನೊಂದು ದೊಡ್ಡ ಮಾತಿದೆ. ತೆಗೆದ ಕಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಕ್ಯಾನ್ಸರ್ ಎಲ್ಲಿಯವರೆಗೆ ಹೋಗಿತ್ತು ಅಂತ ಖಚಿತವಾಗಿ ತಿಳಿಯುವುದು. ಮೊದಲು ಔಷಧಿ ಕೊಟ್ಟು, ಫಲಿಸದೆ, ನಾಲ್ಕಾರು ತಿಂಗಳ ನಂತರ ಕಣ್ಣು ತೆಗೆದರೆ ಆ ಗುರುತುಗಳು ಅಳಿಸಿ ಹೋಗಿರುತ್ತವೆ. ಆಗ ಮುಂದೆ ಕೀಮೋ ಬೇಕೋ ಬೇಡವೋ ಅಂತ ತೀರ್ಮಾನಿಸುವುದೇ ಕಷ್ಟ. ಹೀಗಾಗಿ ಹೊಸ ಚಿಕಿತ್ಸೆ ಬಿಟ್ಟು ಹಳೆಯದನ್ನು ಹೇಳಿದರು ಅಂತ ನಿಮ್ಮ ಡಾಕ್ಟರ ಬಗ್ಗೆ ಸಂಶಯ ಬೇಡ.

ಎರಡನೇ ಅಭಿಪ್ರಾಯ ಬೇಕು ಅನಿಸಿದರೆ ಪಡೆಯಿರಿ, ಅದರಲ್ಲಿ ತಪ್ಪಿಲ್ಲ. ಬೆಂಗಳೂರು, ಹೈದರಾಬಾದ್, ಚೆನ್ನೈಯಲ್ಲಿ ಕಣ್ಣಿನ ಕ್ಯಾನ್ಸರನ್ನೇ ನೋಡುವ ವೈದ್ಯರಿದ್ದಾರೆ. ಅರಿವಳಿಕೆಯಲ್ಲಿ ತೆಗೆದ ರೆಟಿನಾದ ಚಿತ್ರ, ಸ್ಕ್ಯಾನಿಂಗ್ ವರದಿ, ಎಂಆರ್‌ಐ ಸಿಡಿ ಇಷ್ಟು ಕಳಿಸಿದರೆ ಹೆಚ್ಚಿನವರು ಮಗುವನ್ನು ಅಲ್ಲಿಗೆ ಒಯ್ಯುವ ಮೊದಲೇ ಒಂದು ಮಾತು ಹೇಳಬಲ್ಲರು. ಆದರೆ ನಿಮ್ಮ ಆಪರೇಷನ್ ದಿನಾಂಕ ಬಿಟ್ಟುಕೊಡಬೇಡಿ. ಅದರೊಳಗೆ ಮುಗಿಸಿ. ಯಾರಾದರೂ ಕಣ್ಣಿಗೆ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡೋಣ ಅಂದರೆ ಒಪ್ಪಬೇಡಿ. ಬೇರೆ ಕ್ಯಾನ್ಸರುಗಳಿಗೆ ಅದು ಸರಿ. ಇಲ್ಲಿ ಸೂಜಿ ಹೋದ ದಾರಿಯಲ್ಲೇ ಕ್ಯಾನ್ಸರ್ ಹೊರಗೆ ಬರುತ್ತದೆ. ರೆಟಿನೋಬ್ಲಾಸ್ಟೋಮಾವನ್ನು ಕಣ್ಣಿನಿಂದ ನೋಡಿ, ಸ್ಕ್ಯಾನಿಂಗಿನಲ್ಲಿ ಸುಣ್ಣದ ಚುಕ್ಕೆಗಳನ್ನು ಕಂಡು ಗುರುತಿಸುತ್ತಾರೆ. ಚೂರು ತೆಗೆಯದೇ ಹೇಗೆ ಕ್ಯಾನ್ಸರ್ ಅಂದರು ಅಂತ ಕೇಳುವವರಿಗೆ ಇದೇ ಉತ್ತರ.

ಬೇರಿನ ಔಷಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಂದಿಬಟ್ಟಲು ಹೂವಿನ ರಸ, ಎದೆಹಾಲು, ಯಾವುದೋ ಸೊಪ್ಪು, ಇವು ಯಾವುದೂ ಕಣ್ಣಿನ ಹಿಂದಿನ ಪರದೆಯ ಗಡ್ಡೆಯನ್ನು ಮುಟ್ಟುವುದಿಲ್ಲ. ಮೇಲಿನಿಂದ ಹಾಕಿದ ರಸದಿಂದ ಕಣ್ಣಿಗೆ ಕೀವು ಆದರೆ ಆಪರೇಷನ್ ಮುಂದೆ ಹೋಗುತ್ತದೆ. ಆ ಕಣ್ಣನ್ನು ಉಜ್ಜುವುದು, ಒತ್ತುವುದು ಖಂಡಿತ ಬೇಡ. ಮಾರಿಕಾಂಬೆಗೋ, ಮಹಾಗಣಪತಿಗೋ ಹರಕೆ ಹೊರಬೇಕು ಅನಿಸಿದರೆ ಹೊರಿ, ಮನಸ್ಸಿಗೆ ಬಲ ಬರುತ್ತದೆ. ಹರಕೆ ಹೊತ್ತು ಆಪರೇಷನ್ನಿಗೆ ಹೋಗಿ.

ಆ ದಿನ ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಮಗುವಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಆಪರೇಷನ್ ಸುಮಾರು ಒಂದು ಗಂಟೆಯದು. ರೆಪ್ಪೆ, ಹುಬ್ಬು ಏನನ್ನೂ ಮುಟ್ಟುವುದಿಲ್ಲ. ಕಣ್ಣು ತಿರುಗಿಸುವ ಸ್ನಾಯುಗಳನ್ನು ಗುಡ್ಡೆಯಿಂದ ಬಿಡಿಸಿ, ಹಿಂದಿನ ನರವನ್ನು ಆದಷ್ಟು ಉದ್ದವಾಗಿ, ಸಾಧ್ಯವಾದರೆ 15 ಮಿಲಿಮೀಟರ್, ಸೇರಿಸಿ ಗುಡ್ಡೆಯನ್ನು ಒಡೆಯದ ಹಾಗೆ ಇಡಿಯಾಗಿ ತೆಗೆಯುತ್ತಾರೆ. ನರ ಉದ್ದ ಸಿಕ್ಕಷ್ಟೂ ಮಗುವಿಗೆ ಒಳ್ಳೆಯದು. ಖಾಲಿಯಾದ ಜಾಗದಲ್ಲಿ 18ರಿಂದ 20 ಮಿಲಿಮೀಟರಿನ ಒಂದು ಗುಂಡು ಕೂರಿಸುತ್ತಾರೆ. ಇದಕ್ಕೆ ಇಂಪ್ಲಾಂಟ್ ಅನ್ನುತ್ತಾರೆ. ಇದು ಹೊರಗೆ ಕಾಣುವ ಕೃತಕ ಕಣ್ಣಲ್ಲ, ಒಳಗೆ ಶಾಶ್ವತವಾಗಿ ಇರುವಂಥದ್ದು. ಸ್ನಾಯುಗಳನ್ನು ಇದರ ಸುತ್ತ ಹೊಲಿಯುವುದರಿಂದ ಮುಂದೆ ಕೃತಕ ಕಣ್ಣು ಸ್ವಲ್ಪ ಅಲುಗಾಡುತ್ತದೆ. ಮಗು ಬೆಳೆದ ಹಾಗೆ ಆ ಬದಿಯ ಮುಖದ ಎಲುಬು ಬೆಳೆಯಲಿಕ್ಕೂ ಇದು ಬೇಕು. 'ಇಂಪ್ಲಾಂಟ್ ಹಾಕುತ್ತೀರಾ?' ಅಂತ ಮೊದಲೇ ಕೇಳಿಕೊಳ್ಳಿ. ಮೇಲೆ ತೆಳು ಪೊರೆ ಹೊಲಿದು, ರೆಪ್ಪೆಯ ಹಿಂದೆ ಪಾರದರ್ಶಕ ಪ್ಲಾಸ್ಟಿಕ್ ಚಿಪ್ಪು ಇಟ್ಟು ಬಿಗಿಯಾಗಿ ಪಟ್ಟಿ ಕಟ್ಟುತ್ತಾರೆ. ಆ ಚಿಪ್ಪು ಆಮೇಲೆ ಒಮ್ಮೊಮ್ಮೆ ಕೆಳಗೆ ಬೀಳುವುದುಂಟು. ಗಾಬರಿ ಬೇಡ, ತೊಳೆದು ಇಟ್ಟುಕೊಂಡು ಆಸ್ಪತ್ರೆಗೆ ಫೋನ್ ಮಾಡಿ.

ಪಟ್ಟಿ ಬಿಚ್ಚಿದಾಗ ನಿಮಗೆ ಕಾಣುವುದು ಗುಳಿಯಲ್ಲ. ಬಾಯಿಯ ಒಳಬದಿಯ ಹಾಗೆ ಒದ್ದೆಯಾದ ನಸುಗೆಂಪು ಚರ್ಮ, ಸುತ್ತ ಊದಿಕೊಂಡ ರೆಪ್ಪೆ. ಹೆಚ್ಚಿನ ತಾಯಂದಿರು ಇದಕ್ಕಿಂತ ಭಯಂಕರವಾದದ್ದನ್ನು ಎಣಿಸಿಕೊಂಡು ಬಂದಿರುತ್ತಾರೆ. ಅತ್ತೆಯವರನ್ನೂ ಪಟ್ಟಿ ಬಿಚ್ಚುವ ಹೊತ್ತಿಗೆ ಕರೆಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಕಣ್ಣಾರೆ ಕಂಡರೆ ಅವರ ಅಳು ಕಡಿಮೆಯಾದೀತು. ನೋವಿನ ಔಷಧಿ ಕೊಟ್ಟರೆ ಮಗು ಒಂದೆರಡು ದಿನದಲ್ಲಿ ಓಡಾಡುತ್ತದೆ.

ಸುಮಾರು ಆರು ವಾರಕ್ಕೆ ಊತ ಇಳಿದ ಮೇಲೆ ಕೃತಕ ಕಣ್ಣು. ಅಂಗಡಿಯಲ್ಲಿ ಸಿಗುವ ಸಿದ್ಧ ಕಣ್ಣಿಗೂ, ಅಳತೆ ತೆಗೆದು ಮಾಡಿಸಿದ್ದಕ್ಕೂ ಬಹಳ ವ್ಯತ್ಯಾಸ ಇದೆ. ಮಾಡಿಸಿದ್ದನ್ನೇ ಹಾಕಿಸಿ. ಅದನ್ನು ಮಾಡುವವರು ಮೊದಲು ಅಚ್ಚು ತೆಗೆಯುತ್ತಾರೆ. ಮಗುವನ್ನು ನಿಮ್ಮ ತೊಡೆಯ ಮೇಲೆ ಕೂರಿಸಿ ಎಡಗಣ್ಣನ್ನು ನೋಡುತ್ತಾ ಅದೇ ಬಣ್ಣ ಬರುವವರೆಗೆ ಕುಂಚದಿಂದ ಬಣ್ಣ ಹಾಕುತ್ತಾರೆ. ಬಿಳಿಭಾಗದ ಸಣ್ಣ ನರಗಳಿಗೆ ಕೆಂಪು ರೇಷ್ಮೆಯ ಎಳೆಗಳನ್ನು ಅಂಟಿಸುತ್ತಾರೆ. ಇದು ಗಾಜಲ್ಲ, ಅಕ್ರಿಲಿಕ್. ಇಡೀ ಗೋಲವೂ ಅಲ್ಲ, ದಪ್ಪ ಚಿಪ್ಪಿನಂಥದ್ದು. ಹಾಕಿಕೊಂಡೇ ಮಲಗಬಹುದು. ದಿನಾ ತೆಗೆಯಬೇಕಾಗಿಲ್ಲ. ತೆಗೆದಾಗ ಮಗುವಿನ ಸೋಪು ಮತ್ತು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಸ್ಪಿರಿಟ್, ಡೆಟಾಲ್ ತಾಗಿಸಬೇಡಿ, ಅಕ್ರಿಲಿಕ್ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು. ಮಗು ಬೆಳೆದ ಹಾಗೆ ಬದಲಿಸಬೇಕು. ಸಮುದ್ರದಲ್ಲಿ ಆಡಲು ಬಿಟ್ಟರೆ ಕಣ್ಣಿನ ಮೇಲೆ ಕೈ ಇಟ್ಟುಕೊಳ್ಳಲು ಕಲಿಸಿ, ಇಲ್ಲವೇ ಈಜುವ ಕನ್ನಡಕ ಹಾಕಿಸಿ. ಅಲೆಯ ಹೊಡೆತಕ್ಕೆ ಹೊರಬಂದರೆ ಮತ್ತೆ ಸಿಗುವುದು ಕಷ್ಟ.

ಒಂದು ಕಣ್ಣಿನ ಮಗು ಓದುತ್ತದೆ, ಸೈಕಲ್ ಹೊಡೆಯುತ್ತದೆ, ಗದ್ದೆಯ ಹಾಳಿಯ ಮೇಲೆ ಓಡುತ್ತದೆ. ದೂರ ಹತ್ತಿರದ ಅಂದಾಜು ಮೊದಮೊದಲು ತಪ್ಪುತ್ತದೆ, ಈ ವಯಸ್ಸಿನವರು ಬೇಗ ಹೊಂದಿಕೊಳ್ಳುತ್ತಾರೆ. ನಿಮ್ಮ ಮಗಳು ಈಗಾಗಲೇ ಎಡಗಣ್ಣಿನಿಂದಲೇ ನೋಡುತ್ತಿದ್ದಾಳೆ ಅಲ್ವಾ? ಉಳಿದ ಕಣ್ಣಿಗೆ ಪೆಟ್ಟಾಗಬಾರದು ಅನ್ನುವುದೊಂದೇ ದೊಡ್ಡ ಎಚ್ಚರ. ನಂಬರ್ ಇಲ್ಲದಿದ್ದರೂ ಪಾಲಿಕಾರ್ಬೊನೇಟ್ ಗಾಜಿನ ಕನ್ನಡಕ ಹಾಕಿಸಿ. ಶಾಲೆಗೆ ಸೇರಿಸುವಾಗ ಬಲಬದಿಯ ಬೆಂಚಿನ ತುದಿಯಲ್ಲಿ ಕೂರಿಸಲು ಹೇಳಿ, ಆಗ ಇಡೀ ತರಗತಿ ಅವಳ ಎಡಕ್ಕೆ ಬರುತ್ತದೆ. ಮದುವೆಯ ಚಿಂತೆಯನ್ನು ಅತ್ತೆ ಈಗಲೇ ಹೊತ್ತಿದ್ದಾರೆ. ನನ್ನ ಹತ್ತಿರ ಚಿಕ್ಕವರಿದ್ದಾಗ ಬಂದು, ಈಗ ಕೆಲಸ ಮಾಡುತ್ತಾ ಸಂಸಾರ ನಡೆಸುತ್ತಿರುವ ಹೆಣ್ಣುಮಕ್ಕಳಿದ್ದಾರೆ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಆಪರೇಷನ್ ಆದ ಮೇಲೆ ನೀವು ಕಾಯಬೇಕಾದದ್ದು ತೆಗೆದ ಕಣ್ಣಿನ ಪರೀಕ್ಷಾ ವರದಿಗೆ. ಕೆಲವು ಮನೆಯವರು ಕಣ್ಣು ತೆಗೆದಾಯ್ತು, ಕಾಯಿಲೆ ಮುಗಿಯಿತು ಅಂತ ವರದಿ ತೆಗೆದುಕೊಳ್ಳದೇ ಊರಿಗೆ ಹೋಗುತ್ತಾರೆ. ಹೀಗೆ ಮಾಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಕ್ಯಾನ್ಸರ್ ಕಣ್ಣಿನ ನರದ ಜರಡಿಯಂಥ ಭಾಗ ದಾಟಿ ಹಿಂದೆ ಹೋಗಿತ್ತಾ, ರೆಟಿನಾದ ಹಿಂದಿನ ರಕ್ತನಾಳದ ಪದರಕ್ಕೆ 3 ಮಿಲಿಮೀಟರ್ ಅಥವಾ ಹೆಚ್ಚು ನುಗ್ಗಿತ್ತಾ, ನರ ಕತ್ತರಿಸಿದ ತುದಿ ಸ್ವಚ್ಛ ಇದೆಯಾ, ಇಷ್ಟು ಅದರಲ್ಲಿರುತ್ತದೆ. ಏನೂ ಇಲ್ಲದಿದ್ದರೆ ಕೀಮೋ ಬೇಡ, ತಪಾಸಣೆ ಸಾಕು. ಅಪಾಯದ ಗುರುತು ಇದ್ದರೆ ವಿಂಕ್ರಿಸ್ಟಿನ್, ಎಟೋಪೊಸೈಡ್, ಕಾರ್ಬೋಪ್ಲಾಟಿನ್ ಎಂಬ ಮೂರು ಔಷಧಿಗಳನ್ನು ಮೂರು ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ ಕೊಡುತ್ತಾರೆ. ನರದ ತುದಿಯಲ್ಲೇ ಕ್ಯಾನ್ಸರ್ ಸಿಕ್ಕರೆ ಮಾತ್ರ ಇನ್ನೂ ಜೋರಾದ ಕೀಮೋ, ಜೊತೆಗೆ ವಿಕಿರಣ.

ಕೀಮೋ ಬೇಕಾಯಿತು ಅಂತಾದರೆ, ಕರಾವಳಿಯಲ್ಲಿರುವ ನಿಮಗೆ ನಾನು ಒತ್ತಿ ಹೇಳಬೇಕಾದ ಒಂದು ವಿಷಯ ಜ್ವರ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ವಾಂತಿಗೆ ಔಷಧಿ ಇದೆ. ವಿಂಕ್ರಿಸ್ಟಿನ್ನಿನಿಂದ ಮಲ ಗಟ್ಟಿಯಾಗುತ್ತದೆ, ಅದಕ್ಕೂ ಔಷಧಿ ಇದೆ. ಕಾರ್ಬೋಪ್ಲಾಟಿನ್ನಿನಿಂದ ಕಿವಿ ಮಂದವಾಗಬಹುದು, ನಡುನಡುವೆ ಕಿವಿ ಪರೀಕ್ಷೆ ಮಾಡಿಸಿ. ಆದರೆ ಕೀಮೋ ಕೊಟ್ಟು ಒಂದೆರಡು ವಾರದೊಳಗೆ ರಕ್ತದ ಬಿಳಿಕಣಗಳು ಕುಸಿಯುತ್ತವೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅದು ತುರ್ತು. ರಾತ್ರಿ ಎರಡು ಗಂಟೆಯಾಗಿರಲಿ, ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾ ಅಂತ ಓಡುವುದು ಎಲ್ಲರಿಗೂ ಗೊತ್ತಿರುವ ಪಾಡು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಟ್ಟಲೆ ಕೂಗಿದ್ದಾರೆ. ಮಳೆಗಾಲದಲ್ಲಿ ಈ ಓಟ ಇನ್ನೂ ಕಷ್ಟ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿದ್ದು ನೆನಪಿದೆ ಅಲ್ವಾ? ಹಾಗಾಗಿ ಜ್ವರ ಬಂದ ರಾತ್ರಿ ಕೀಮೋ ಕೊಟ್ಟ ಆಸ್ಪತ್ರೆಗೇ ಹೋಗಬೇಕು ಅಂತ ಹಟ ಮಾಡಬೇಡಿ. ಮೊದಲ ಕೀಮೋ ಮುಗಿಸಿ ಬರುವಾಗಲೇ ಅಲ್ಲಿನ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಮಗುವಿಗೆ ಯಾವ ಕೀಮೋ ಆಗಿದೆ, ಜ್ವರ ಬಂದರೆ ಯಾವ ಆ್ಯಂಟಿಬಯೋಟಿಕ್, ಎಷ್ಟು ಡೋಸ್, ಯಾವ ನಂಬರಿಗೆ ಫೋನ್ ಮಾಡಬೇಕು, ಇಷ್ಟಿರಲಿ. ಅದನ್ನು ಹಿಡಿದು ಕುಮಟಾದಲ್ಲೋ ಕಾರವಾರದಲ್ಲೋ ಮಕ್ಕಳ ಡಾಕ್ಟರನ್ನು ಮಗು ಚೆನ್ನಾಗಿರುವಾಗಲೇ ಒಮ್ಮೆ ಕಂಡು ಬನ್ನಿ. ಮೊದಲ ಡೋಸ್ ಅಲ್ಲೇ ಹೋಗಲಿ, ಪ್ರಯಾಣ ಆಮೇಲೆ. ಕೀಮೋ ನಡೆಯುವಾಗ ಅಂಗನವಾಡಿಯಲ್ಲಿ ಯಾವುದೇ ಲಸಿಕೆ ಹಾಕಿಸುವ ಮೊದಲು, ಪೋಲಿಯೋ ಹನಿಯನ್ನೂ ಸೇರಿಸಿ, ಫೋನ್ ಮಾಡಿ ಕೇಳಿ.

ನೀವು ಗರ್ಭಿಣಿ, ಹಾಗಾಗಿ ಇದನ್ನೂ ಗಮನಿಸಿ. ಕೀಮೋ ಕೊಟ್ಟ ಎರಡು ದಿನ ಔಷಧಿ ಮಗುವಿನ ಮೂತ್ರ, ಮಲ, ವಾಂತಿಯಲ್ಲಿ ಹೊರಗೆ ಬರುತ್ತದೆ. ಆ ಎರಡು ದಿನ ಬಟ್ಟೆ ಬದಲಿಸುವುದು, ತೊಳೆಸುವುದು ಎಲ್ಲ ಗಂಡನೋ ಅತ್ತೆಯೋ ಮಾಡಲಿ, ಅವರೂ ಕೈಗವಸು ಹಾಕಿಕೊಳ್ಳಲಿ. ಮಗುವನ್ನು ಅಪ್ಪಿಕೊಳ್ಳಲು, ಊಟ ಮಾಡಿಸಲು ನಿಮಗೇನೂ ಅಡ್ಡಿಯಿಲ್ಲ.

ಖರ್ಚಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್ ಇದ್ದರೆ ಪ್ಯಾಕೇಜ್ ದರದ ಶೇಕಡಾ 30. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಮಾಡಿಸಿಕೊಳ್ಳಿ, ಅಲ್ಲಿ ಹೋದ ಮೇಲೆ ಅದಕ್ಕಾಗಿ ವಾಪಸ್ ಓಡುವುದು ತಪ್ಪುತ್ತದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರ, ಅಂದರೆ ಈ ಯೋಜನೆಯ ಸಹಾಯಕರ, ಮೇಜು ಎಲ್ಲಿದೆ ಕೇಳಿ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ. ಅದರ ಅರ್ಜಿ ನಮೂನೆಗೆ ಡಾಕ್ಟರ ಸಹಿ, ಆಸ್ಪತ್ರೆಯ ಮೊಹರು ಬೇಕು.

ಈಗ ಹೊಟ್ಟೆಯಲ್ಲಿರುವ ಮಗುವಿನ ವಿಷಯ. ನಮ್ಮ ಪ್ರತಿ ಕೋಶದಲ್ಲೂ ಆರ್‌ಬಿ1 ಎಂಬ ಜೀನ್ ಎರಡು ಪ್ರತಿಯಲ್ಲಿರುತ್ತದೆ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಕೋಶ ಅಂಕೆ ಮೀರಿ ಬೆಳೆಯದ ಹಾಗೆ ತಡೆಯುವುದು ಅದರ ಕೆಲಸ. ನೀವು ಅಘನಾಶಿನಿಯ ಗಜನಿ ಗದ್ದೆ ನೋಡಿರುತ್ತೀರಿ. ಉಪ್ಪುನೀರಿಗೆ ಅಡ್ಡವಾಗಿ ಎರಡು ಒಡ್ಡು ಇದ್ದರೆ ಒಂದು ಒಡೆದರೂ ಗದ್ದೆ ಉಳಿಯುತ್ತದೆ. ಎರಡೂ ಒಡೆದರೆ ನೀರು ನುಗ್ಗುತ್ತದೆ. ಈ ಎರಡು ಪೆಟ್ಟಿನ ಲೆಕ್ಕವನ್ನು 1971ರಲ್ಲಿ ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್ ಇದೇ ಕಾಯಿಲೆಯ ಮಕ್ಕಳನ್ನು ನೋಡಿ ಹೇಳಿದರು. 1986ರಲ್ಲಿ ಜೀನ್ ಕೈಗೆ ಸಿಕ್ಕಿತು. ಹೆಚ್ಚಿನ ಮಕ್ಕಳಲ್ಲಿ ಎರಡೂ ಪ್ರತಿ ಹಾಳಾಗುವುದು ರೆಟಿನಾದ ಒಂದೇ ಒಂದು ಕೋಶದಲ್ಲಿ, ಬರೀ ಆಕಸ್ಮಿಕವಾಗಿ. ಕೋಶ ಎರಡಾಗುವಾಗ ನಕಲು ಮಾಡುವಲ್ಲಿ ಆದ ತಪ್ಪು ಅದು. ಗ್ರಹಣವೂ ಅಲ್ಲ, ಯಾರ ಪಾಪವೂ ಅಲ್ಲ. ಇನ್ನು ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಮೈಯ ಎಲ್ಲ ಕೋಶದಲ್ಲೂ ಒಂದು ಪ್ರತಿ ಕೆಟ್ಟಿರುತ್ತದೆ. ಇದು ಆನುವಂಶಿಕ ಬಗೆ. ಅದರಲ್ಲೂ ಹೆಚ್ಚಿನವರ ಅಪ್ಪ ಅಮ್ಮನಲ್ಲಿ ಏನೂ ಇರುವುದಿಲ್ಲ, ದೋಷ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

ಎರಡೂ ಕಣ್ಣಿಗೆ ಬಂದಿದ್ದರೆ ಅದು ಆನುವಂಶಿಕ ಅಂತಲೇ ಲೆಕ್ಕ. ಒಂದೇ ಕಣ್ಣಿಗೆ ಬಂದ ಮಕ್ಕಳಲ್ಲಿ 100ಕ್ಕೆ ಸುಮಾರು 15 ಮಂದಿ ಈ ಬಗೆಯವರು. ನಿಮ್ಮ ಮಗಳು ಯಾವ ಕಡೆ ಅಂತ ಜೀನ್ ಪರೀಕ್ಷೆ ಹೇಳುತ್ತದೆ. ಅದಕ್ಕಾಗಿಯೇ ಆಪರೇಷನ್ನಿಗೆ ಮೊದಲು ನೀವು ಡಾಕ್ಟರನ್ನು ಕೇಳಲೇಬೇಕು: ಗಡ್ಡೆಯ ಸ್ವಲ್ಪ ಭಾಗವನ್ನು ಜೀನ್ ಪರೀಕ್ಷೆಗೆ ಎತ್ತಿಡುತ್ತೀರಾ? ಮೊದಲು ಗಡ್ಡೆಯಲ್ಲಿ ಎರಡು ದೋಷ ಯಾವುವು ಅಂತ ಹಿಡಿದು, ಆಮೇಲೆ ಅವೇ ರಕ್ತದಲ್ಲಿವೆಯಾ ಅಂತ ನೋಡುವುದು ಒಂದೇ ಕಣ್ಣಿನ ಕಾಯಿಲೆಗೆ ಒಳ್ಳೆಯ ದಾರಿ. ಆ ದಿನ ಎತ್ತಿಡದಿದ್ದರೆ ಈ ದಾರಿ ಕಷ್ಟವಾಗುತ್ತದೆ.

ರಕ್ತದಲ್ಲಿ ಸಿಗಲಿಲ್ಲ ಅಂದರೆ ಹುಟ್ಟುವ ಮಗುವಿನ ಬಗ್ಗೆ ಹೆಚ್ಚುಕಡಿಮೆ ನಿಶ್ಚಿಂತೆ. ಸಿಕ್ಕರೆ ನಿಮ್ಮಿಬ್ಬರ ರಕ್ತ ನೋಡುತ್ತಾರೆ. ನಿಮ್ಮಲ್ಲಿ ಒಬ್ಬರಿಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಆ ಜೀನ್ ಹೋಗುವ ಸಂಭವ ಅರ್ಧಕ್ಕರ್ಧ. ಇಬ್ಬರಿಗೂ ಇಲ್ಲದಿದ್ದರೆ ಸಂಭವ ತುಂಬ ಕಡಿಮೆ, ಪೂರ್ತಿ ಸೊನ್ನೆಯಲ್ಲ. ಮನೆತನದಲ್ಲಿ ಯಾರಿಗೂ ಇಲ್ಲದೆ, ಒಂದೇ ಕಣ್ಣಿಗೆ ಬಂದ ಮಗುವಿನ ತಮ್ಮ ತಂಗಿಗೆ ಬರುವ ಸಂಭವ, ಜೀನ್ ಪರೀಕ್ಷೆಗೂ ಮೊದಲೇ, 100ಕ್ಕೆ 1ಕ್ಕಿಂತ ಕಡಿಮೆ. ಅದಕ್ಕೆ ಹೆದರಿ ಈ ಬಸಿರಿನ ಬಗ್ಗೆ ಈಗ ಯಾವ ತೀರ್ಮಾನಕ್ಕೂ ಬರಬೇಡಿ. ನೀವಿಬ್ಬರೂ ಒಮ್ಮೆ ಹನಿ ಹಾಕಿಸಿ ರೆಟಿನಾ ತೋರಿಸಿಕೊಳ್ಳಿ. ಚಿಕ್ಕಂದಿನಲ್ಲಿ ಗೊತ್ತಾಗದೇ ತಾನಾಗಿ ನಿಂತುಹೋದ ಗಡ್ಡೆಯ ಕಲೆ ಕೆಲವು ಅಪ್ಪ ಅಮ್ಮಂದಿರಲ್ಲಿ ಸಿಗುವುದುಂಟು.

ಮಗಳದು ಆನುವಂಶಿಕ ಬಗೆ ಅಂತ ಗೊತ್ತಾದರೆ ಎಡಗಣ್ಣನ್ನು ಅರಿವಳಿಕೆ ಕೊಟ್ಟು ಪದೇ ಪದೇ ನೋಡಬೇಕು, ವರ್ಷಗಟ್ಟಲೆ. ಪರೀಕ್ಷೆಯ ಫಲ ಬರುವ ತನಕವೂ ಹಾಗೇ ನೋಡುತ್ತಾರೆ, ತಪ್ಪಿಸಬೇಡಿ. ಅಂಥ ಮಕ್ಕಳಿಗೆ ದೊಡ್ಡವರಾದ ಮೇಲೆ ಎಲುಬಿನ ಕ್ಯಾನ್ಸರಿನಂಥವು ಬರುವ ಸಂಭವ ಉಳಿದವರಿಗಿಂತ ಜಾಸ್ತಿ. ಆದ್ದರಿಂದ ಅವರಿಗೆ ವಿಕಿರಣ ಚಿಕಿತ್ಸೆಯನ್ನೂ, ಅನಗತ್ಯ ಸಿಟಿ ಸ್ಕ್ಯಾನನ್ನೂ ಆದಷ್ಟು ದೂರ ಇಡುತ್ತೇವೆ. ಕಾಲಿನಲ್ಲಿ ಕಾರಣವಿಲ್ಲದ ಗಂಟು, ಇಳಿಯದ ನೋವು ಕಂಡರೆ ತಡಮಾಡದೇ ತೋರಿಸಬೇಕು. ಅವಳು ಮುಂದೆ ತಾಯಿಯಾಗುವಾಗಲೂ ಈ ಕಾಗದಗಳು ಬೇಕು. ಎಲ್ಲ ವರದಿಗಳ ಒಂದು ಫೈಲು ಮಾಡಿ, ಮೊಬೈಲಿನಲ್ಲೂ ಫೋಟೋ ತೆಗೆದು ಇಡಿ.

ಹೆರಿಗೆ ಎಲ್ಲೇ ಆಗಲಿ, ಏಳು ತಿಂಗಳು ತುಂಬುವ ಹೊತ್ತಿಗೆ ನಿಮ್ಮ ಪ್ರಸೂತಿ ಡಾಕ್ಟರಿಗೆ ಮೊದಲ ಮಗಳ ಕಾಯಿಲೆಯ ವಿಷಯ ತಿಳಿಸಿ. ಮಗಳ ರಕ್ತದಲ್ಲಿ ದೋಷ ಸಿಕ್ಕಿದ್ದರೆ ಹೊಕ್ಕುಳಬಳ್ಳಿಯ ರಕ್ತ ತೆಗೆದು ಅದೇ ದೋಷಕ್ಕೆ ಪರೀಕ್ಷೆಗೆ ಕಳಿಸಬಹುದು, ಎಳೆಮಗುವಿಗೆ ಸೂಜಿ ಚುಚ್ಚಬೇಕಿಲ್ಲ. ಆ ಫಲ ಬರುವ ಮೊದಲೇ, ಹುಟ್ಟಿದ ಮೊದಲ ವಾರದೊಳಗೆ, ಮಗುವಿನ ಎರಡೂ ಕಣ್ಣಿನ ರೆಟಿನಾ ಒಮ್ಮೆ ತೋರಿಸಿ. ಆಮೇಲೆ ಎಷ್ಟು ದಿನಕ್ಕೊಮ್ಮೆ ಬರಬೇಕು ಅಂತ ಅಲ್ಲೇ ದಿನಾಂಕ ಬರೆಸಿಕೊಂಡು ಬನ್ನಿ.